ಪೊರ್ಬುಗಳ ಬದಿಯ ಬಾವಿ

ಅಜ್ಜ ಬೆಳಿಗ್ಗೆ ಸೂರ್ಯನಿಗೆ ಅರ್ಘ್ಯ ಬಿಡುವಾಗ ನಮ್ಮ ಮನೆಯ ಬಾವಿ ಅವರ ಎದುರಿಗಿತ್ತೋ ಬೆನ್ನ ಹಿಂದಿತ್ತೋ ಎಂಬುದು ನನಗೆ ಖಚಿತವಾಗಿ ನೆನಪಿಲ್ಲ. ಉಳಿದದ್ದೆಲ್ಲ ನೆನಪಿದೆ ಎಂದುಕೊಂಡಿದ್ದೇನೆ. ಒದ್ದೆ ಪಂಚೆ, ಸ್ವಲ್ಪ ನಡುಗುವ ಮೊಣಕೈ, ತಾಮ್ರದ ತಂಬಿಗೆಯಿಂದ ಇಳಿಯುವ ನೀರಿನ ಎಳೆ, ಆ ಎಳೆಯ ಮೇಲೆ ಬಿದ್ದ ಬಿಸಿಲು. ಆದರೆ ಈ ಚಿತ್ರದಲ್ಲಿ ಬಾವಿಯನ್ನು ಎಲ್ಲಿ ಇಡುವುದು ಎಂದು ನೋಡಹೊರಟರೆ ಅದು ಒಮ್ಮೆ ಅಜ್ಜನ ಮುಂದೆ ಬಂದು ಕೂರುತ್ತದೆ, ಇನ್ನೊಮ್ಮೆ ಹಿಂದೆ ಹೋಗಿ ಕೂರುತ್ತದೆ. ಎರಡೂ ಕಡೆ ಚೆನ್ನಾಗಿಯೇ ಒಪ್ಪುತ್ತದೆ.

ಬಾವಿ ಎಲ್ಲಿದ್ದರೆ ಎಂತ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಅಂದುಕೊಂಡು ಅರ್ಧ ಆಯುಷ್ಯ ಕಳೆದವನು. ಆದರೆ ಕಳೆದ ಮಳೆಗಾಲ ಮುಗಿದಾಗಿನಿಂದ ಈ ಬೇಸಿಗೆಯವರೆಗೆ ಒಬ್ಬ ಹೆಂಗಸಿನ ಮನೆ ಈ ಒಂದು ಪ್ರಶ್ನೆಯ ಮೇಲೆ ನಿಂತಿತ್ತು. ಅದಕ್ಕೆ ಉತ್ತರ ಕೊಟ್ಟವನು ನಾನೇ ಆಗಿದ್ದೆ.

ನನ್ನದೊಂದು ಅಭ್ಯಾಸವನ್ನು ಮೊದಲು ಹೇಳಬೇಕು. ನಾನು ಮಂಗಳೂರು ಬಿಟ್ಟು ಹೋದವನಲ್ಲ, ಮಂಗಳೂರಿನೊಳಗೆ ಒಂದು ಕಡೆ ನಿಂತವನೂ ಅಲ್ಲ. ಬಾಡಿಗೆ ಮನೆಯ ಕರಾರು ಮುಗಿಯುವ ಹೊತ್ತಿಗೆ ನನಗೆ ಆ ಮನೆಯ ಗೋಡೆಗಳು ಬೇಸರ ತರಿಸಿರುತ್ತವೆ. "ನಿಮ್ಮ ಕಾಲಿನಲ್ಲಿ ಚಕ್ರ ಉಂಟು ಮಾರಾಯ್ರೆ, ಅದೂ ಊರಿನೊಳಗೇ ತಿರುಗುವ ಚಕ್ರ" ಎನ್ನುತ್ತಾಳೆ ನನ್ನ ಹೆಂಡತಿ ಸುಮ. ಹೊಸ ಮನೆ ನೋಡಲು ಹೋದಾಗೆಲ್ಲ ನಾನು ಅಡುಗೆಮನೆ ನೋಡುವುದಿಲ್ಲ, ನೀರು ಬರುತ್ತದೆಯೇ ಎಂದು ಕೇಳುವುದಿಲ್ಲ. ನಡುಕೋಣೆಯಲ್ಲಿ ನಿಂತು "ಪೂರ್ವ ಯಾವುದು?" ಎಂದು ಕೇಳುತ್ತೇನೆ. ಬ್ರೋಕರುಗಳು ಇದನ್ನು ವಾಸ್ತು ಎಂದುಕೊಂಡು ಸಂತೋಷಪಡುತ್ತಾರೆ. ವಾಸ್ತುವಿನಲ್ಲಿ ನನಗೆ ನಂಬಿಕೆ ಇಲ್ಲ, ಸಂಧ್ಯಾವಂದನೆ ಬಿಟ್ಟು ಎಷ್ಟೋ ಕಾಲವಾಯಿತು. ಆದರೂ ಪೂರ್ವ ಗೊತ್ತಾಗದ ಮನೆಯಲ್ಲಿ ನನಗೆ ಕುರ್ಚಿ ಎಲ್ಲಿ ಹಾಕಬೇಕೆಂದು ತಿಳಿಯುವುದಿಲ್ಲ. ಇದು ಅಜ್ಜನಿಂದ ಬಂದದ್ದಿರಬೇಕು. ಅಜ್ಜ ದೇವಸ್ಥಾನದ ಅರ್ಚಕರಾಗಿದ್ದರು. ದಿಕ್ಕು ಗೊತ್ತಿಲ್ಲದೆ ಒಂದು ಲೋಟ ನೀರೂ ಕುಡಿಯುತ್ತಿರಲಿಲ್ಲ.

ನಾನು ಸಣ್ಣವನಿದ್ದಾಗ ನಾವಿದ್ದದ್ದು ಅತ್ತಾವರದ ಒಂದು ಓಣಿಯಲ್ಲಿ, ಬಾಡಿಗೆಯ ಹಂಚಿನ ಮನೆಯಲ್ಲಿ. ಪಕ್ಕದಲ್ಲಿ ಅಂಥದೇ ಇನ್ನೊಂದು ಮನೆ. ಎರಡೂ ಒಬ್ಬನೇ ಧಣಿಯ ಜಾಗದಲ್ಲಿ. ಬಾವಿ ಮೊದಲೇ ಇತ್ತು, ಗೋಡೆ ಆಮೇಲೆ ಬಂತು. ಎರಡು ಮನೆಗಳ ನಡುವೆ ಗೋಡೆ ಕಟ್ಟಿಸುವಾಗ ಧಣಿಗೆ ಬಾವಿಯನ್ನು ಯಾರಿಗೆ ಕೊಡುವುದೆಂದು ತಿಳಿಯಲಿಲ್ಲವೋ ಏನೋ, ಗೋಡೆಯನ್ನು ಬಾವಿಯ ಮೇಲೆಯೇ ಹಾಯಿಸಿಬಿಟ್ಟಿದ್ದ. ಒಂದು ದಪ್ಪ ತೊಲೆ ಹಾಕಿ ಅದರ ಮೇಲೆ ಕೆಂಪುಕಲ್ಲಿನ ಗೋಡೆ. ಅರ್ಧ ವೃತ್ತ ನಮಗೆ, ಅರ್ಧ ವೃತ್ತ ಅವರಿಗೆ. ಗೋಡೆ ನೆಲದ ಮಟ್ಟಕ್ಕೆ ನಿಲ್ಲುತ್ತಿತ್ತು. ಕೆಳಗೆ ಬಾವಿ ಒಂದೇ, ನೀರೂ ಒಂದೇ. ಮಂಗಳೂರಿನ ಹಳೆಯ ಹಿತ್ತಿಲುಗಳಲ್ಲಿ ಇಂಥ ಬಾವಿಗಳು ಬೇಕಾದಷ್ಟು ಇದ್ದವು. ನೋಡದವರಿಗೆ ಹೇಳಿದರೆ ನಂಬುವುದಿಲ್ಲ.

ಆ ಬದಿಯ ಅರ್ಧಕ್ಕೆ ಹಕ್ಕುದಾರರು ಪೊರ್ಬುಗಳು. ಕೊಂಕಣಿ ಮಾತಾಡುವ ಕ್ರೈಸ್ತ ಗಂಡಸರನ್ನು ತುಳುವಿನಲ್ಲಿ ನಾವು ಮರ್ಯಾದೆಯಿಂದ ಕರೆಯುವುದು ಹಾಗೆ. ಅವರು ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿ. ಎತ್ತರದ ಆಳು, ಅದಕ್ಕಿಂತ ಎತ್ತರದ ಸ್ವರ. ಅವರಿಗೂ ಅಜ್ಜನಿಗೂ ವರ್ಷಕ್ಕೆ ಒಮ್ಮೆಯಾದರೂ ಬಾವಿಯ ವಿಷಯಕ್ಕೆ ಜಗಳ ಆಗಲೇಬೇಕು. ಇಬ್ಬರೂ ತಮ್ಮ ತಮ್ಮ ಬಾವಿಕಟ್ಟೆಯ ಬಳಿ ನಿಂತು, ಎದುರಾಳಿಯ ಮುಖ ಕಾಣದೆ, ಗೋಡೆಗೆ ಮಾತಾಡುತ್ತಿದ್ದರು.

"ಗೋವಾದಿಂದ ನಿನ್ನೆ ಮೊನ್ನೆ ಬಂದವರಿಗೆ ಈ ಬಾವಿಯ ಒರತೆ ಎಲ್ಲುಂಟು ಅಂತ ಎಂತ ಗೊತ್ತು?" ಇದು ಅಜ್ಜ.

"ನಾವು ಗೋವಾದಿಂದ ನಡೆದುಕೊಂಡು ಬಂದದ್ದು ಹೌದು ಭಟ್ರೇ. ನೀವು ಎಂತ, ಈ ಒರತೆಯಿಂದಲೇ ಎದ್ದು ಬಂದದ್ದಾ?"

"ನಮ್ಮನ್ನು ಅರಸ ಕರೆಸಿದ್ದು. ಕರೆಸಿ ಬಂದದ್ದಕ್ಕೂ ಓಡಿ ಬಂದದ್ದಕ್ಕೂ ವ್ಯತ್ಯಾಸ ಉಂಟು."

"ಅರಸ ಕರೆಸಿದ್ದು ಪೂಜೆಗೆ ಅಲ್ವಾ? ಬಾವಿಗೆ ಅಲ್ಲವಲ್ಲ?"

ನಮ್ಮ ಪೂರ್ವಜರನ್ನು ಯಾವನೋ ಅರಸ ಉತ್ತರದಿಂದ ಕರೆಸಿ ಇಲ್ಲಿ ನೆಲೆ ನಿಲ್ಲಿಸಿದ ಎಂಬ ಕತೆಯನ್ನು ಅಜ್ಜ ಗಟ್ಟಿಯಾಗಿ ನಂಬಿದ್ದರು. ಪೊರ್ಬುಗಳ ಹಿರಿಯರು ಗೋವಾ ಬಿಟ್ಟು ದಕ್ಷಿಣಕ್ಕೆ ಬಂದವರೆಂದು ಅವರ ಮನೆಯಲ್ಲೂ ನಂಬಿಕೆ. ಹೀಗೆ ಎಲ್ಲಿಂದಲೋ ಬಂದ ಎರಡು ಕುಟುಂಬಗಳು ಮೂರನೆಯವನ ಬಾವಿಗಾಗಿ, ಹುಟ್ಟಿನಿಂದ ಇಲ್ಲಿಯವರಂತೆ, ತುಳುವಿನಲ್ಲಿ ಜಗಳವಾಡುತ್ತಿದ್ದವು. ಈಗ ಬರೆಯುವಾಗ ನಾನು ಕನ್ನಡಕ್ಕೆ ತಂದಿದ್ದೇನೆ. ತುಳುವಿನಲ್ಲಿ ಇದು ಇನ್ನೂ ಖಾರವಾಗಿತ್ತು.

ಅಜ್ಜ ಮಡಿಯ ಮನುಷ್ಯ. ಹಾಗಿದ್ದೂ ಪೊರ್ಬುಗಳೂ ಸೇದುವ ಬಾವಿಯ ನೀರನ್ನೇ ನೈವೇದ್ಯಕ್ಕೆ ಸೇದುತ್ತಿದ್ದರಲ್ಲ, ಅದಕ್ಕೆ ಅವರ ಬಳಿ ಒಂದು ತರ್ಕ ಇತ್ತು. ಬಾವಿಗೆ ಒರತೆ ಉಂಟು, ಒರತೆಯೆಂದರೆ ಹರಿಯುವ ನೀರು, ಹರಿಯುವ ನೀರಿಗೆ ಮೈಲಿಗೆ ಇಲ್ಲ. ಆದರೆ ಕೊಡಪಾನಕ್ಕೆ ಮೈಲಿಗೆ ಉಂಟು. ನೀರಿನೊಳಗೆ ಅವರ ಕೊಡಪಾನ ನಮ್ಮದಕ್ಕೆ ತಾಗಿದರೆ ಅಜ್ಜ ಮೇಲೆ ಬಂದ ನೀರನ್ನೆಲ್ಲ ಚೆಲ್ಲಿ ಮತ್ತೆ ಇಳಿಸುತ್ತಿದ್ದರು. ಇದು ಆ ಬದಿಯ ಐರಿನಕ್ಕನಿಗೆ ಗೊತ್ತಿತ್ತು. ಐರಿನಕ್ಕ ಪೊರ್ಬುಗಳ ಹಿರಿಯ ಮಗಳು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಅಜ್ಜನ ರಾಟೆ ಕಿರ್ ಎಂದ ಕೂಡಲೇ ಅವರ ರಾಟೆಯೂ ಕಿರ್ ಎನ್ನುತ್ತಿತ್ತು. ಕೆಳಗಿನಿಂದ ಟಣ್ ಎಂಬ ಶಬ್ದ. ಈ ಬದಿಯಲ್ಲಿ ಅಜ್ಜನ ನಿಟ್ಟುಸಿರು, ಆ ಬದಿಯಲ್ಲಿ ಬಾಯಿ ಮುಚ್ಚಿ ನಗುವ ಸದ್ದು. ಇದು ನಾನು ಕೇಳಿದ್ದೋ, ಆಮೇಲೆ ಮನೆಯಲ್ಲಿ ಹೇಳಿ ಹೇಳಿ ಕೇಳಿದ್ದಾಗಿ ಅನ್ನಿಸುವುದೋ, ಆಣೆ ಮಾಡಿ ಹೇಳಲಾರೆ.

ಐರಿನಕ್ಕ ನರ್ಸಿಂಗ್ ಮುಗಿಸಿ ಮಸ್ಕತ್ತಿಗೆ ಹೊರಟಾಗ ನನಗೆ ಹನ್ನೆರಡೋ ಹದಿಮೂರೋ. ಹೊರಡುವ ದಿನ ಬಾವಿಯ ಆ ಬದಿಯಿಂದ "ಓ ಮಾಣೀ" ಎಂದು, ಭಟ್ಟರ ಮನೆಯ ಹುಡುಗ ಎಂಬ ಅರ್ಥದಲ್ಲಿ, ಕರೆದರು. ಬಗ್ಗಿ ನೋಡಿದೆ. ನೀರಿನಲ್ಲಿ ನನ್ನ ಮುಖದ ಆಚೆ ಅವರ ಮುಖ ಕಂಡಿತು. ನಡುವೆ ಗೋಡೆ ಇರುವಾಗ ಹೀಗೆ ಕಾಣಲು ಸಾಧ್ಯವೇ ಎಂದು ಭೌತಶಾಸ್ತ್ರ ಕಲಿಸುವ ಗೆಳೆಯನೊಬ್ಬನನ್ನು ಮೊನ್ನೆ ಮೊನ್ನೆ ಕೇಳಿದೆ. ಗೋಡೆ ನೀರಿನವರೆಗೆ ಇಳಿಯದಿದ್ದರೆ ಸಾಧ್ಯ ಎಂದ. ಸಾಧ್ಯವಿತ್ತು ಎಂದ ಮಾತ್ರಕ್ಕೆ ನಡೆದಿತ್ತು ಎಂದಾಗುವುದಿಲ್ಲ. ಹಾಗಾಗಿ ಆ ಮುಖವನ್ನು ನಾನು ಅರ್ಧ ನಂಬಿದ್ದೇನೆ.

ಆಮೇಲೆ ನಾನು ವಿಶ್ವವಿದ್ಯಾನಿಲಯಕ್ಕೆ ಹೋಗಿ ಭೂಗೋಳದಲ್ಲಿ ಎಂ.ಎ. ಮಾಡಿದೆ. ಜನಸಂಖ್ಯೆ ಮತ್ತು ವಲಸೆ ಎಂಬ ಪತ್ರಿಕೆಯಲ್ಲಿ ಒಳ್ಳೆಯ ಅಂಕ ಬಂದಿತ್ತು. ನಮ್ಮ ಪ್ರೊಫೆಸರು ಕರಿಹಲಗೆಯ ಮೇಲೆ ಜಿಲ್ಲೆಯ ನಕ್ಷೆ ಬರೆದು ಬಾಣಗಳನ್ನು ಎಳೆಯುತ್ತಿದ್ದರು. ಬೊಂಬಾಯಿಯ ಕಡೆಗೆ ಒಂದು ದಪ್ಪ ಬಾಣ, ಸಮುದ್ರ ದಾಟಿ ಕೊಲ್ಲಿಯ ಕಡೆಗೆ ಇನ್ನೊಂದು. ಜನರನ್ನು ತಳ್ಳುವ ಕಾರಣಗಳು, ಸೆಳೆಯುವ ಕಾರಣಗಳು ಎಂದು ಎರಡು ಸಾಲು. ನಾವು ಬರೆದುಕೊಂಡೆವು. ಆ ಎರಡನೆಯ ಬಾಣದ ತುದಿಯಲ್ಲಿ ಅಜ್ಜನ ಕೊಡಪಾನಕ್ಕೆ ಬೇಕೆಂದೇ ತಾಗಿಸುತ್ತಿದ್ದ ಐರಿನಕ್ಕ ಇದ್ದಾರೆ ಎಂದು ನನಗೆ ಹೊಳೆಯಲಿಲ್ಲ. ಅಷ್ಟರಲ್ಲಿ ಧಣಿಯ ಮಕ್ಕಳು ಜಾಗ ಮಾರಲು ಹೊರಟಿದ್ದರು. ಅಜ್ಜ ಇರಲಿಲ್ಲ. ಅಧ್ಯಾಪಕರಾಗಿದ್ದ ಅಪ್ಪ ಬೇರೆ ಬಾಡಿಗೆ ಮನೆ ಹಿಡಿದರು. ಪೊರ್ಬುಗಳ ಮನೆಯಲ್ಲೂ ಒಬ್ಬೊಬ್ಬರಾಗಿ ಹೊರಟುಹೋದರು.

ಕಳೆದ ಅಕ್ಟೋಬರಿನಲ್ಲಿ ಒಂದು ಫೋನು ಬಂತು.

"ಮಾಣಿಯಾ?"

ಐವತ್ತೇಳು ವರ್ಷದವನನ್ನು ಮಾಣಿ ಎಂದು ಕರೆಯುವವರು ಈಗ ಹೆಚ್ಚು ಮಂದಿ ಉಳಿದಿಲ್ಲ. ಐರಿನಕ್ಕ ಊರಿಗೆ ಬಂದಿದ್ದರು. ಗಂಡ ತೀರಿಕೊಂಡಿದ್ದಾರೆ, ಮಗಳು ಕೆನಡಾದಲ್ಲಿ, ನಾನು ಸದ್ಯ ಫಳ್ನೀರಿನಲ್ಲಿ ಸೋದರತ್ತೆಯ ಮಗಳ ಫ್ಲ್ಯಾಟಿನಲ್ಲಿ ಇದ್ದೇನೆ, ಇನ್ನು ಇಲ್ಲೇ ಇರುವುದೆಂದು ತೀರ್ಮಾನ ಮಾಡಿದ್ದೇನೆ ಎಂದು ಒಂದೇ ಉಸಿರಿಗೆ ಹೇಳಿದರು. "ನಮ್ಮ ಹಳೇ ಮನೆಯ ಜಾಗ ತೋರಿಸು ಮಾರಾಯ. ಅಲ್ಲಿ ಫ್ಲ್ಯಾಟ್ ಆಗಿದೆಯಂತೆ. ಅದರಲ್ಲೇ ಒಂದು ತೆಗೆದುಕೊಳ್ಳುವುದು ಅಂತ."

ಮರುದಿನ ಹೋದೆವು. ಧಣಿಯ ಜಾಗವನ್ನು ಗೋಡೆಯ ಸಾಲಿನಲ್ಲೇ ಎರಡು ಪಾಲು ಮಾಡಿ ಇಬ್ಬರು ಬಿಲ್ಡರುಗಳಿಗೆ ಮಾರಿದ್ದರು. ಪೂರ್ವದಲ್ಲಿ ನೀಲಿ ಬಣ್ಣದ ಕಟ್ಟಡ, ಪಶ್ಚಿಮದಲ್ಲಿ ಕೆನೆಬಣ್ಣದ್ದು. ಸುತ್ತಲೂ ವೈದ್ಯಕೀಯ ಕಾಲೇಜಿನ ಹುಡುಗ ಹುಡುಗಿಯರು, ಮಲಯಾಳದಲ್ಲಿ ಮಾತು, ಹಿಂದಿಯಲ್ಲಿ ಜ್ಯೂಸ್ ಅಂಗಡಿ. ನೀಲಿ ಕಟ್ಟಡದ ಗೇಟಿನಲ್ಲಿ ಕೊಪ್ಪಳದ ಕಡೆಯ ಹನುಮಂತಪ್ಪ ಕೂತಿದ್ದ.

"ಯಾರ ಮನೀಗೆ ಹೊಂಟೀರ್ರಿ?"

"ನಮ್ಮ ಮನೆಗೇ" ಎಂದರು ಐರಿನಕ್ಕ.

"ಫ್ಲ್ಯಾಟ್ ನಂಬರ್ ಹೇಳ್ರಿ."

"ಆಗ ನಂಬರ್ ಇರ್ಲಿಲ್ಲ ಮಾರಾಯ."

ಹನುಮಂತಪ್ಪ ನನ್ನ ಮುಖ ನೋಡಿದ. ನಾನು ವಿವರಿಸಿದೆ. ಅವನಿಗೆ ಕತೆ ಹಿಡಿಸಿತು. ಕಾರು ನಿಲ್ಲಿಸುವ ಜಾಗದ ಮೂಲೆಗೆ ಕರೆದುಕೊಂಡು ಹೋಗಿ ತೋರಿಸಿದ. ಬಾವಿ ಅಲ್ಲೇ ಇತ್ತು! ಎರಡು ಕಟ್ಟಡಗಳ ನಡುವಿನ ಆವರಣ ಗೋಡೆ ಈಗಲೂ ಅದರ ಮೇಲೆಯೇ ಹಾದಿತ್ತು. ಈಚೆಗೆ ಅರ್ಧ, ಆಚೆಗೆ ಅರ್ಧ, ಎರಡಕ್ಕೂ ಬೀಗ ಹಾಕಿದ ಕಬ್ಬಿಣದ ಜಾಲರಿ, ಎರಡಕ್ಕೂ ಒಂದೊಂದು ಪಂಪು.

ಐರಿನಕ್ಕ ಜಾಲರಿಯ ಮೇಲೆ ಕೈಯಿಟ್ಟು ಬಗ್ಗಿ ಕೇಳಿದರು: "ಇದರಲ್ಲಿ ನಮ್ಮ ಬದಿ ಯಾವುದು?"

"ನಿಮಗೇ ಗೊತ್ತಿಲ್ವಾ ಅಕ್ಕ?"

"ಓಣಿಯಿಂದ ಬರುವಾಗ ಎಡಕ್ಕೆ ನಮ್ಮದು, ಬಲಕ್ಕೆ ನಿಮ್ಮದು. ಅಷ್ಟು ಗೊತ್ತುಂಟು. ಓಣಿ ಯಾವ ಕಡೆ ಇತ್ತು?"

ಇದು ಕಷ್ಟದ ಪ್ರಶ್ನೆ. ಜಾಗದ ಉತ್ತರಕ್ಕೂ ದಕ್ಷಿಣಕ್ಕೂ ಈಗ ಡಾಂಬರು ರಸ್ತೆ. ಒಂದು ಹಳೆಯ ಓಣಿ ಅಗಲವಾದದ್ದು, ಇನ್ನೊಂದು ಹೊಸದಾಗಿ ಕಡಿದದ್ದು. ಯಾವುದು ಯಾವುದು ಎಂದು ಹೇಳುವ ಒಂದು ಮರ, ಒಂದು ಮೆಟ್ಟಲು ಉಳಿದಿಲ್ಲ. ಐರಿನಕ್ಕ ತಮ್ಮಂದಿರನ್ನು ವಾಟ್ಸಾಪಿನಲ್ಲಿ ಕೇಳಿದ್ದರಂತೆ. ದುಬಾಯಿಯವ ಉತ್ತರದ ರಸ್ತೆ ಎಂದ, ಪುಣೆಯವ ದಕ್ಷಿಣದ್ದು ಎಂದ, ಈಗ ಅವರಿಬ್ಬರಿಗೆ ಮಾತಿಲ್ಲ. ದಾಖಲೆ ನೋಡೋಣವೆಂದರೆ ಎರಡೂ ಮನೆ ಒಬ್ಬನ ಜಾಗ, ನಾವು ಬರೇ ಬಾಡಿಗೆಯವರು. ಕಾಗದದಲ್ಲಿ ಗೋಡೆಯೇ ಇಲ್ಲ.

"ನೀನು ಇಲ್ಲೇ ಇದ್ದವ. ಭೂಗೋಳ ಬೇರೆ ಓದಿದ್ದಿ. ನೀನೇ ಹೇಳು" ಎಂದರು.

ಭೂಗೋಳ ಓದಿದ್ದಿ ಎಂದು ಯಾರೂ ನನಗೆ ಆವರೆಗೆ ಹೇಳಿರಲಿಲ್ಲ. ನಾನು ಕೆಲಸ ಮಾಡುವ ವಿಮಾ ಕಚೇರಿಯಲ್ಲಿ ಅದು ಯಾರಿಗೂ ಬೇಕಾಗಿರಲಿಲ್ಲ. ನಾನು ಫೋನಿನ ದಿಕ್ಸೂಚಿ ತೆಗೆದೆ. ಅಜ್ಜ ಪೂರ್ವಕ್ಕೆ ಮುಖ ಮಾಡಿ ಅರ್ಘ್ಯ ಬಿಡುತ್ತಿದ್ದರು. ಅವರ ಎದುರಿಗೆ ಬಾವಿ, ಬಾವಿಯ ಆಚೆ ನಿಮ್ಮ ಮನೆ. "ಸೂರ್ಯ ನಮ್ಮಲ್ಲಿಗೆ ಬರಬೇಕಾದರೆ ಪೊರ್ಬುಗಳ ಮನೆಯ ಹಂಚಿನ ಮಾಡು ದಾಟಿ ಬರಬೇಕು" ಎಂದು ಅಜ್ಜ ಗೊಣಗುತ್ತಿದ್ದದ್ದು ನನ್ನ ಕಿವಿಯಲ್ಲೇ ಉಂಟು. ಹಾಗಾದರೆ ನಿಮ್ಮದು ಪೂರ್ವ. ಅಂದರೆ ಈ ನೀಲಿ ಕಟ್ಟಡ. ಇಷ್ಟನ್ನು ಕ್ಲಾಸಿನಲ್ಲಿ ನಿಂತವನ ಹಾಗೆ ಹೇಳಿದೆ. ಹನುಮಂತಪ್ಪ ತಲೆಯಾಡಿಸಿದ. ಐರಿನಕ್ಕನ ಕಣ್ಣು ತುಂಬಿತು.

"ನಿನಗೆ ಗೊತ್ತುಂಟಾ," ಎಂದರು, "ನಾನು ಹುಟ್ಟಿದ್ದು ಆಸ್ಪತ್ರೆಯಲ್ಲಿ ಅಲ್ಲ. ಇಲ್ಲೇ, ಮನೆಯಲ್ಲಿ. ಅಮ್ಮ ಹೇಳ್ತಿದ್ರು, ನಿನ್ನ ಹಿಂದೆ ಬಿದ್ದ ಮಾಸು ಹೂತದ್ದು ನಮ್ಮ ಹಿತ್ತಿಲ ತೆಂಗಿನ ಬುಡದಲ್ಲಿ ಅಂತ. ಮಸ್ಕತ್ತಿನಲ್ಲಿ ನಾನು ಹೆರಿಗೆ ವಾರ್ಡಿನಲ್ಲೇ ಇದ್ದದ್ದು. ಎಷ್ಟು ಮಕ್ಕಳನ್ನು ಈ ಕೈಯಲ್ಲಿ ಹಿಡಿದಿದ್ದೇನೋ. ಮಗು ತಾಯಿಯ ಮಡಿಲಿಗೆ, ಮಾಸು ಚೀಲಕ್ಕೆ, ಚೀಲ ಸುಡುವ ಒಲೆಗೆ. ಪ್ರತಿ ಸಲವೂ ಒಂದು ಯೋಚನೆ ಬರ್ತಿತ್ತು, ನನ್ನದು ಮಾತ್ರ ಮಣ್ಣಲ್ಲಿ ಉಂಟು ಅಂತ. ಹಾಸ್ಟೆಲ್, ಕ್ವಾರ್ಟರ್ಸ್, ಮತ್ತೊಬ್ಬರ ಜೊತೆ ಹಂಚಿಕೊಂಡ ರೂಮು, ಕೊನೆಗೆ ಮಗಳ ಮನೆಯ ನೆಲಮಾಳಿಗೆ. ಇನ್ನು ಮಲಗುವುದಾದರೆ ಆ ಮಣ್ಣಿನ ಮೇಲೆ. ಅದಕ್ಕೇ ಬದಿ ಸರಿ ಇರಬೇಕು."

ನೀಲಿ ಕಟ್ಟಡದ ಎರಡನೇ ಮಹಡಿಯಲ್ಲಿ ಒಂದು ಫ್ಲ್ಯಾಟ್ ಮಾರಾಟಕ್ಕಿತ್ತು. ಆಸ್ಟ್ರೇಲಿಯಾಕ್ಕೆ ಹೊರಟ ಒಂದು ಸಣ್ಣ ಪ್ರಾಯದ ಜೋಡಿಯದ್ದು. ಕೆನೆಬಣ್ಣದ ಕಟ್ಟಡದಲ್ಲೂ ಒಂದು ಖಾಲಿ ಇತ್ತು. ಐರಿನಕ್ಕ ಅದನ್ನು ನೋಡಲೂ ಹೋಗಲಿಲ್ಲ. ಆ ವಾರವೇ ನೀಲಿಯದಕ್ಕೆ ಮುಂಗಡ ಕೊಟ್ಟರು.

ಮುಂಗಡ ಕೊಟ್ಟ ದಿನ ಮನೆಗೆ ಬಂದು ಸುಮನ ಹತ್ತಿರ ಜಂಬದಿಂದ ಎಲ್ಲ ಹೇಳಿದೆ. ಅವಳು ತೊಂಡೆಕಾಯಿ ಹೆಚ್ಚುತ್ತಿದ್ದಳು.

"ಪೊರ್ಬುಗಳ ಮಾಡಿನ ಮಾತು ನಿಮ್ಮ ಅಜ್ಜ ಹೇಳಿದ್ದಲ್ಲ" ಎಂದಳು. "ನಿಮ್ಮ ಅಪ್ಪ ಹೇಳ್ತಿದ್ದದ್ದು. ನಮ್ಮ ಮದುವೆ ಆದ ಹೊಸದರಲ್ಲಿ ಎಷ್ಟು ಸಲ ಕೇಳಿದ್ದೇನೆ."

"ಯಾರು ಹೇಳಿದರೂ ದಿಕ್ಕು ಅದೇ ಅಲ್ವಾ?"

"ಎಲ್ಲಿಯ ಅದೇ? ಅವರು ಹೇಳ್ತಿದ್ದದ್ದು ಸಾಯಂಕಾಲದ್ದು. ಜಗಲಿಯಲ್ಲಿ ಉತ್ತರ ಪತ್ರಿಕೆ ತಿದ್ದಲಿಕ್ಕೆ ಕೂತರೆ ಪೊರ್ಬುಗಳ ಮಾಡಿನಿಂದ ಬಿಸಿಲು ಕಣ್ಣಿಗೆ ಹೊಡೀತಿತ್ತು ಅಂತ."

ಸಾಯಂಕಾಲದ ಬಿಸಿಲೆಂದರೆ ಪಶ್ಚಿಮ. ಪಶ್ಚಿಮವೆಂದರೆ ಕೆನೆಬಣ್ಣದ ಕಟ್ಟಡ! ನಾನು ಸುಮನ ಜೊತೆ ವಾದ ಮಾಡಿದೆ. ಆದರೆ ಅವಳ ನೆನಪಿನಲ್ಲಿ ಉತ್ತರ ಪತ್ರಿಕೆ ಇತ್ತು, ಜಗಲಿ ಇತ್ತು. ನನ್ನದರಲ್ಲಿ ತಾಮ್ರದ ತಂಬಿಗೆ ಮಾತ್ರ. ಮೂವತ್ತು ವರ್ಷದಿಂದ ಬೇರೆಯವರ ಮಾತಿಗೆಲ್ಲ ಸಾಕ್ಷಿ ಕೇಳುತ್ತ ಬಂದವನು ನಾನು. ಅಪಘಾತವಾದವರು ತಮ್ಮ ಕಾರಿಗೆ ಯಾವ ಕಡೆಯಿಂದ ಲಾರಿ ಗುದ್ದಿತು ಎಂದು ಹೇಳಿದರೂ ಒಂದು ಹುಬ್ಬು ಮೇಲೇರಿಸುವವನು. ಈಗ ನನ್ನ ಹುಬ್ಬು ನನ್ನ ಕಡೆಗೇ ಏರಿತ್ತು. ಅಜ್ಜನನ್ನು ಕಣ್ಣು ಮುಚ್ಚಿ ನೆನೆದುಕೊಂಡರೆ ಬಾವಿ ಮುಂದೆಯೂ ಇತ್ತು, ಹಿಂದೆಯೂ ಇತ್ತು.

ಫಳ್ನೀರಿಗೆ ಹೋಗಿ ಐರಿನಕ್ಕನಿಗೆ ಹೇಳಿಬಿಟ್ಟೆ. ಹೇಳದಿರಲು ಸಾಧ್ಯವಿರಲಿಲ್ಲ. ಮೊದಲು ಅವರು ಜೋರಾಗಿ ನಕ್ಕರು.

"ಎಂ.ಎ. ಮಾಡಿದವನಿಗೆ ಪೂರ್ವ ಪಶ್ಚಿಮ ಗೊತ್ತಿಲ್ಲ! ನಾಳೆ ನಾನು ನಿನ್ನ ಅಜ್ಜನ ದೇವರ ಕೋಣೆಯ ಮೇಲೆ ಮಂಚ ಹಾಕಿ ಮಲಗಿದರೆ? ಅದೇ ಮೂಲೆಯಲ್ಲಿ ಬಂಗುಡೆ ಮೀನು ಹುರಿದರೆ? ಅವರು ಮೇಲಿನಿಂದ ಇಳಿದು ಬರ್ತಾರೆ ಮಾರಾಯ."

ಆಮೇಲೆ ನಗು ನಿಂತಿತು. ನಾನು ಚಹಾದ ಲೋಟ ಮುಗಿಸಲೂ ಆಗದೆ ಇಡಲೂ ಆಗದೆ ಕೂತೆ.

"ಬಾವಿಯ ಕೆಸರು ತೆಗೆಯುವವ ಯಾವ ಬದಿಯಿಂದ ಇಳೀತಿದ್ದ, ನೆನಪುಂಟಾ?" ಎಂದು ಇದ್ದಕ್ಕಿದ್ದ ಹಾಗೆ ಕೇಳಿದರು.

ನನಗೆ ಹಾಗೆ ಇಳಿದವನೊಬ್ಬ ಇದ್ದದ್ದೇ ನೆನಪಿರಲಿಲ್ಲ.

"ನಮ್ಮ ಬದಿಯಿಂದ. ವರ್ಷ ವರ್ಷ ಬೇಸಿಗೆಯಲ್ಲಿ. ನಿನ್ನ ಅಜ್ಜ ಅವನನ್ನು ನಿಮ್ಮ ಅಂಗಳಕ್ಕೇ ಬಿಡ್ತಿರಲಿಲ್ಲ. ನೈವೇದ್ಯಕ್ಕೆ ನೀರು ಸೇದುವ ಕಲ್ಲಿನ ಮೇಲೆ ಅವನು ಕಾಲಿಡಬಾರದು ಅಂತ. ಹಾಗಾಗಿ ಬಾವಿಯ ಒಳಗೆ ಕಾಲಿಡಲಿಕ್ಕೆ ಕಲ್ಲಿನಲ್ಲಿ ಗುಳಿ ಕಡಿದದ್ದು ನಮ್ಮ ಬದಿಗೆ ಮಾತ್ರ. ಮೇಲಿನಿಂದ ತಳದವರೆಗೆ. ನಾನು ಒಂದು ಸಲ ಇಳಿಯಲು ಹೋಗಿ ಅಪ್ಪನ ಕೈಯಿಂದ ಸರಿಯಾಗಿ ತಿಂದಿದ್ದೇನೆ. ಬೆನ್ನು ಮರೆಯುವುದಿಲ್ಲ ನೋಡು."

ಅಜ್ಜನ ಅರ್ಘ್ಯದ ನೀರಿನ ಮೇಲೆ ಬಿದ್ದ ಬಿಸಿಲನ್ನು ಇಷ್ಟು ಜೋಪಾನವಾಗಿ ಇಟ್ಟುಕೊಂಡ ನನ್ನ ತಲೆ, ಅಂಗಳಕ್ಕೆ ಕಾಲಿಡಲು ಬಿಡದ ಆ ಮನುಷ್ಯನನ್ನು ಪೂರ್ತಿ ಬಿಟ್ಟುಬಿಟ್ಟಿತ್ತು.

ಅಂದೇ ಇಬ್ಬರೂ ರಿಕ್ಷಾ ಹಿಡಿದು ಅತ್ತಾವರಕ್ಕೆ ಹೋದೆವು. ಜಾಲರಿಯೊಳಕ್ಕೆ ಫೋನಿನ ಬೆಳಕು ಬಿಟ್ಟು ನೋಡಿದರೆ ಬಾವಿಯ ಮೇಲ್ಭಾಗಕ್ಕೆಲ್ಲ ಸಿಮೆಂಟು ಬಳಿದಿತ್ತು. ಸಿಮೆಂಟು ಮುಗಿದ ಕಡೆ ನೀರು ಶುರುವಾಗಿತ್ತು. ಆ ವರ್ಷ ಮಳೆ ಹಿಂದೆ ಹೋಗಲು ಮನಸ್ಸಿಲ್ಲದೆ ಅಕ್ಟೋಬರಿನವರೆಗೂ ಸುರಿದಿತ್ತು. ಕೆಂಪುಕಲ್ಲು ಎಲ್ಲಿಯೂ ಕಾಣಲಿಲ್ಲ.

"ಬ್ಯಾಸಗಿಗೆ ಬರ್ರಿ" ಎಂದ ಹನುಮಂತಪ್ಪ. "ಆವಾಗ ನೀರು ಕೆಳಗ ಹೋಗ್ತೈತ್ರಿ."

ಬೇಸಿಗೆಯವರೆಗೆ ಕಾಯುವ ಹಾಗಿರಲಿಲ್ಲ. ಆಸ್ಟ್ರೇಲಿಯಾದ ಜೋಡಿಗೆ ಕ್ರಿಸ್ಮಸ್ಸಿಗೆ ಮೊದಲು ಹೊರಡಬೇಕು, ಅದರೊಳಗೆ ರಿಜಿಸ್ಟ್ರೇಶನ್ ಆಗಬೇಕು, ಇಲ್ಲದಿದ್ದರೆ ಬೇರೆ ಗಿರಾಕಿ ಇದ್ದಾರೆ ಎಂದರು. ನಾನು ಹೇಳಿದೆ: "ಅಕ್ಕ, ನನ್ನ ಮಾತಿನ ಮೇಲೆ ತೆಗೆದುಕೊಳ್ಳಬೇಡಿ. ಕಾಯುವ."

"ಇಷ್ಟು ವರ್ಷ ಕಾದದ್ದು ಸಾಲದಾ? ನೀನು ಮೊದಲು ಯೋಚನೆ ಮಾಡದೆ ಹೇಳಿದ್ದು ಪೂರ್ವ. ಯೋಚನೆ ಮಾಡಿದ ಮೇಲೆ ಸಂಶಯ. ನನಗೆ ಮೊದಲಿನದ್ದರ ಮೇಲೆ ನಂಬಿಕೆ" ಎಂದು ಸಹಿ ಹಾಕಿದರು.

ತನ್ನನ್ನೇ ನಂಬದವನ ಮೇಲೆ ಯಾರಾದರೂ ಹೀಗೆ ನಂಬಿಕೆ ಇಟ್ಟರೆ ಅವನ ಗತಿ ಎಂತ ಹೇಳಿ. ಕ್ರಿಸ್ಮಸ್ಸಿನ ಮೊದಲು ಪಾದ್ರಿಗಳು ಬಂದು ಮನೆಗೆ ತೀರ್ಥ ಚಿಮುಕಿಸಿದರು. ನಾನೂ ಸುಮನೂ ಹೋದೆವು. ಕ್ರಿಸ್ಮಸ್ಸಿನ ತಿಂಡಿಗಳ, ಕುಸ್ವಾರಿನ, ತಟ್ಟೆ ಮುಂದಿಟ್ಟು ಐರಿನಕ್ಕ ಎಲ್ಲರಿಗೂ "ಇವನೇ ಜಾಗ ಹುಡುಕಿ ಕೊಟ್ಟವ" ಎಂದು ಪರಿಚಯ ಮಾಡಿಸಿದರು. ಬಾಯಲ್ಲಿದ್ದ ಚಕ್ಕುಲಿ ಒಣಗಿದ ಸುಣ್ಣದ ಹಾಗಾಯಿತು. ಹೊಳೆಯುವ ಟೈಲ್ಸಿನ ನೆಲ ನೋಡುತ್ತ ಕೂತೆ. ಈ ಟೈಲ್ಸಿನ ಕೆಳಗೆ ಒಂದು ಮಹಡಿ, ಅದರ ಕೆಳಗೆ ಕಾರುಗಳು, ಅದರ ಕೆಳಗೆ ಯಾರ ಹಿತ್ತಿಲು?

ಅಷ್ಟಕ್ಕೇ ನನ್ನ ಸಂಶಯ ನಿಲ್ಲಲಿಲ್ಲ. ಹಿತ್ತಿಲು ಯಾರದ್ದಾದರೂ ಅದರ ಮಣ್ಣಾದರೂ ಅಲ್ಲಿ ಉಂಟಾ? ಅಡಿಪಾಯಕ್ಕೆ ಅಗೆದ ಮಣ್ಣನ್ನು ಲಾರಿಯಲ್ಲಿ ತುಂಬಿ ಪಂಪ್‌ವೆಲ್ಲಿನ ಆಚೆ ಯಾವುದೋ ತಗ್ಗು ಗದ್ದೆಗೆ ಸುರಿದಿರುತ್ತಾರೆ. ನಮ್ಮ ಪ್ರೊಫೆಸರು ಮಣ್ಣಿಗೆ ಬಾಣ ಎಳೆದಿರಲಿಲ್ಲ. ಜನ ಹೊರಟ ಮೇಲೆ ಮಣ್ಣೂ ಲಾರಿ ಹತ್ತಿತು ಎಂದು ಯೋಚಿಸಿ ಒಂದು ದಿನ ಐರಿನಕ್ಕನ ಎದುರು ಬಾಯಿಬಿಟ್ಟೆ.

"ನೀನು ಒಮ್ಮೆ ಸುಮ್ಮನಿರ್ತೀಯಾ?" ಎಂದರು. "ನಾನು ನರ್ಸು. ಮಾಸು ಮಣ್ಣಲ್ಲಿ ಎಷ್ಟು ತಿಂಗಳು ಇರ್ತದೆ ಅಂತ ನನಗೆ ಗೊತ್ತಿಲ್ವಾ? ಅಲ್ಲಿ ಎಂತದೂ ಇಲ್ಲ. ಆದರೂ ಹುಟ್ಟಿದ ಜಾಗ ಅಂದರೆ ಒಂದು ಜಾಗ ಅಲ್ವಾ? ನಾನು ಕೇಳಿದ್ದು ಅಷ್ಟೇ."

ಜನವರಿ, ಫೆಬ್ರವರಿ, ಮಾರ್ಚ್ ಕಳೆಯಿತು. ಮಂಗಳೂರಿನವರೆಲ್ಲ ಸೆಕೆ ಸೆಕೆ ಎಂದು ಗೋಳಾಡುವಾಗ ನಾನೊಬ್ಬ ಇನ್ನೂ ಸ್ವಲ್ಪ ಸೆಕೆಯಾಗಲಿ ಎಂದು ಕಾಯುತ್ತಿದ್ದೆ. ಕಾರ್ಪೊರೇಷನ್ ನೀರು ದಿನ ಬಿಟ್ಟು ದಿನ ಬರತೊಡಗಿದಾಗ ಸುಮ ಶಾಪ ಹಾಕಿದಳು. ನನಗೆ ಒಳಗೊಳಗೇ ಸಮಾಧಾನ. ಬಾವಿಗಳು ಇಳಿಯುತ್ತಿವೆ ಎಂದು ಅರ್ಥ. ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಹನುಮಂತಪ್ಪನ ಫೋನು: "ಸಾರ್, ಪಂಪು ಗಾಳಿ ಎಳ್ಯಾಕ ಹತ್ತೈತಿ. ಬರ್ರಿ."

ಐರಿನಕ್ಕನಿಗೆ ಹೇಳದೆ ಹೋದೆ. ಉತ್ತರ ಕೆಟ್ಟದ್ದಾದರೆ ಏನು ಮಾಡುವುದೆಂದು ಯೋಚಿಸಿರಲಿಲ್ಲ. ದೊಡ್ಡ ಟಾರ್ಚ್ ತಂದಿದ್ದೆ. ಮೊದಲು ಕೆನೆಬಣ್ಣದ ಕಟ್ಟಡಕ್ಕೆ ಹೋದೆ. ಹೆದರಿಕೆಯಿಂದ ಎಂದರೂ ಸರಿ. ಅಲ್ಲಿಯ ಜಾಲರಿ ತೆಗೆಸಿ ಹೊಟ್ಟೆಯ ಮೇಲೆ ಮಲಗಿ ಬಗ್ಗಿದೆ. ಹೀಗೆ ಬಗ್ಗಿದಾಗ ನಾವಿರುವ ಬದಿ ಕಾಣುವುದಿಲ್ಲ, ಎದುರು ಬದಿಯೇ ಕಾಣುವುದು ಎಂದು ಆಗ ತಿಳಿಯಿತು. ಗೋಡೆಯ ಅಡಿಯಿಂದ ಬೆಳಕು ಆಚೆಗೆ, ನೀಲಿ ಕಟ್ಟಡದ ಬದಿಗೆ ಹೋಯಿತು. ಸಿಮೆಂಟು, ಅದರ ಕೆಳಗೆ ಪಾಚಿ ಹಿಡಿದ ಕೆಂಪುಕಲ್ಲು, ಕಲ್ಲಿನಲ್ಲಿ ಒಂದು ಕಪ್ಪು ಗುಳಿ. ಅದರ ಕೆಳಗೆ ಸ್ವಲ್ಪ ಬಲಕ್ಕೆ ಇನ್ನೊಂದು. ಅದರ ಕೆಳಗೆ ಎಡಕ್ಕೆ ಮತ್ತೊಂದು. ಎಡಗಾಲು, ಬಲಗಾಲು, ಎಡಗಾಲು ಎಂದು ನೀರಿನವರೆಗೆ ಇಳಿದಿದ್ದವು.

ಎದ್ದು ಕೂತಾಗ ಅಂಗಿಯ ಮುಂಭಾಗವೆಲ್ಲ ಕೆಸರು. ಆಚೆ ಕಟ್ಟಡಕ್ಕೆ ಓಡಿ ಅಲ್ಲಿಯ ಜಾಲರಿಯಿಂದಲೂ ನೋಡಿದೆ. ಆಮೇಲೆ ಲಿಫ್ಟಿಗೆ ಕಾಯದೆ ಮೆಟ್ಟಲು ಹತ್ತಿದೆ.

ಬಾಗಿಲು ತೆರೆದ ಐರಿನಕ್ಕ ನನ್ನ ಅಂಗಿ ನೋಡಿದರು, ಟಾರ್ಚ್ ನೋಡಿದರು. ನಾನು ಕಂಡದ್ದನ್ನು ಹೇಳಿದೆ. ಅವರು ನಿಧಾನವಾಗಿ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತರು.

"ಸರಿಯಾಗಿ ನೋಡಿದ್ದೀಯಲ್ಲ?"

"ಎರಡೂ ಕಡೆಯಿಂದ."

"ಹಾಗಾದರೆ ಬಾ, ಒಂದು ಕೈ ಹಿಡಿ" ಎಂದು ಒಳಗೆ ಕರೆದುಕೊಂಡು ಹೋದರು. ಮಲಗುವ ಕೋಣೆಯಲ್ಲಿ, ಮಂಚದ ಆಚೆ, ಗೋಡೆಗೆ ಒರಗಿಸಿ ಮೂರು ದೊಡ್ಡ ಸೂಟ್‌ಕೇಸುಗಳಿದ್ದವು. ವಿಮಾನದ ಚೀಟಿ ಕೂಡ ಹರಿದಿರಲಿಲ್ಲ. ಕಪಾಟಿನ ಬಾಗಿಲು ತೆರೆದರೆ ಒಳಗೆ ಹೊಸ ಪ್ಲೈವುಡ್ಡಿನ ವಾಸನೆ ಮಾತ್ರ.

"ಅಕ್ಕ, ಡಿಸೆಂಬರಿನಿಂದ?"

"ನಂಬಿಕೆ ಉಂಟು ಅಂತ ನಿನಗೆ ಹೇಳಿದ್ದು ಹೌದು. ರಾತ್ರಿ ಮಲಗುವಾಗ ಬಿಚ್ಚಲಿಕ್ಕೆ ಮನಸ್ಸು ಬರ್ತಿರಲಿಲ್ಲ. ಬೇರೆಯವರ ಮನೆಯಲ್ಲಿ ಎಂತ ಬಿಚ್ಚುವುದು? ಮೇಲಿನ ಎರಡು ಸೀರೆ, ಎರಡು ನೈಟಿ, ಅದರಲ್ಲೇ ಸುಧಾರಿಸಿದೆ. ನೋಡುತ್ತ ಎಂತ ನಿಂತದ್ದು ಮಾಣಿ, ಭಾರ ಉಂಟು, ಆ ಕಡೆ ಹಿಡಿ."

ಸೂಟ್‌ಕೇಸುಗಳನ್ನು ಮಂಚದ ಮೇಲೆ ಮಲಗಿಸಿದೆವು. ಸುಮನಿಗೆ ಫೋನು ಮಾಡಿ ಬರಹೇಳಿದೆ. ಮಧ್ಯಾಹ್ನದವರೆಗೆ ಅವರಿಬ್ಬರೂ ಬಟ್ಟೆ ಮಡಚಿ ಕಪಾಟಿಗೆ ಇಟ್ಟರು. ಯಾವ ಸೀರೆ ಯಾರ ಮದುವೆಗೆ ಎಂದು ಐರಿನಕ್ಕ ಹೇಳುತ್ತಲೇ ಇದ್ದರು. ನನಗೆ ಒಂದು ಹಳೆಯ ಬನಿಯನ್ ಕೊಟ್ಟು ಅಂಗಿಯನ್ನು ನೆನೆಹಾಕಿದರು. ಆ ಬನಿಯನ್ನಿನಲ್ಲಿ ಫ್ಯಾನಿನ ಕೆಳಗೆ ಕೂತು ನಾನು ಎಷ್ಟೋ ತಿಂಗಳ ನಂತರ ಒಂದು ಲೋಟ ಚಹಾವನ್ನು ಪೂರ್ತಿ ಕುಡಿದೆ. ಅಡುಗೆಮನೆಯಿಂದ ಬಂಗುಡೆಯ ವಾಸನೆ ಬರತೊಡಗಿದಾಗ ಸುಮ ಸೆರಗಿನಿಂದ ಮೂಗು ಮುಚ್ಚಿಕೊಂಡು ನಕ್ಕಳು.

ಇಲ್ಲಿ ನಾನು ಬರೆದದ್ದರಲ್ಲಿ ಅಜ್ಜನ ಜಗಳ, ನೀರಿನಲ್ಲಿ ಕಂಡ ಮುಖ, ಪೊರ್ಬುಗಳ ಸ್ವರದ ಎತ್ತರ ಇವನ್ನೆಲ್ಲ ನೀವು ಅರ್ಧ ನಂಬಿದರೆ ಸಾಕು. ನಾನೂ ಅಷ್ಟೇ ನಂಬುವುದು. ಇದೊಂದನ್ನು ಮಾತ್ರ ಕಣ್ಣಾರೆ ನೋಡಿ ಬಂದಿದ್ದೇನೆ: ಬಾವಿಯೊಳಗೆ ಕಾಲಿಡುವ ಗುಳಿಗಳಿರುವುದು ಪೂರ್ವದ ಬದಿಯಲ್ಲಿ. ನಮ್ಮ ಬದಿಯ ಕಲ್ಲು ಮೇಲಿನಿಂದ ನೀರಿನವರೆಗೂ ನುಣುಪಾಗಿದೆ.